ತೆಂಗಿನಕಾಯಿ ಓದಿದ ಫೋನು

ಹಿರಿಯೂರಿನಲ್ಲಿ ಕಾಲೇಜು ಓದೋ ನನ್ನ ಮೊಮ್ಮಗಳು ನಮ್ಮ ಚಟ್ನಿಪುಡಿಗೆ ವೆಬ್‌ಸೈಟ್ ಮಾಡಿಕೊಟ್ಟಳು. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಧರ್ಮಪುರದ ನಮ್ಮ ಮನೆ ಪುಡಿ ಫೋನಿನಲ್ಲಿ ಕಂಡಾಗ ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಆರ್ಡರ್ ನೋಡೋ ಕೆಲಸ ಮಾತ್ರ ನಮ್ಮ ಯಜಮಾನರು ಹಟ ಮಾಡಿ ತಗೊಂಡರು. ಅವರಿಗೆ ಕಣ್ಣು ಹೋಗಿ ಬಹಳ ವರ್ಷ ಆಯಿತು. ಅವರು ಬೆರಳಾಡಿಸಿದರೆ ತೆರೆ ಮೇಲಿರೋದನ್ನ ಫೋನೇ ಓದಿ ಹೇಳುತ್ತೆ. "ಒಂದು ಕೆಲಸನಾದ್ರೂ ಯಾರನ್ನೂ ಕೇಳದೆ ನಾನೇ ಮಾಡ್ತೀನಿ" ಅಂದಿದ್ದರು.

ನನ್ನ ತವರು ಹೊಸದುರ್ಗದ ಕಡೆ, ತೆಂಗಿನ ಸೀಮೆ. ಶುಭಕ್ಕಿರಲಿ ಅಂತ ನಾನೇ ಹೇಳಿ, ವೆಬ್‌ಸೈಟಿನ ಮೇಲಿನ ಸಾಲಿನ ಹೆಸರುಗಳ ನಡುವೆ ಒಂದೊಂದು ಪುಟ್ಟ ತೆಂಗಿನಕಾಯಿ ಚಿತ್ರ ಹಾಕಿಸಿದೆ. ತೋರಣ ಕಟ್ಟಿದಂಗಿತ್ತು.

ಮಾರನೇ ದಿನ ಯಜಮಾನರು ಯಾರಿಗೋ ಫೋನಿನಲ್ಲಿ, "ಹೂಂ ರೀ, ತೆಂಗಿನಕಾಯೂ ಐತೆ, ಕಳಿಸ್ತೀವಿ" ಅಂತಿದ್ದರು.

"ನಮ್ಮನೇಲಿ ಮಾರೋ ಕಾಯಿ ಎಲ್ಲೈತ್ರಿ?" ಅಂದೆ.

"ಲೇ, ನಿನ್ನ ಅಂಗಡೀಲಿ ಏನೈತೆ ಅಂತ ನಿಂಗೇ ಗೊತ್ತಿಲ್ವಾ? ಕೇಳಿಲ್ಲಿ."

ಫೋನು ಶುರು ಮಾಡಿತು: ಶೇಂಗಾ ಪುಡಿ, ತೆಂಗಿನಕಾಯಿ, ಅಗಸೆ ಪುಡಿ, ತೆಂಗಿನಕಾಯಿ, ಆರ್ಡರ್, ತೆಂಗಿನಕಾಯಿ...

ನಗು ತಡೀಲಾರದೆ ಸೆರಗು ಬಾಯಿಗಿಟ್ಟು, "ಅದು ಮಾರೋ ಕಾಯಲ್ಲ ರೀ, ಅಂದಕ್ಕೆ ಹಾಕಿಸಿದ ಚಿತ್ರ" ಅಂದೆ. ಅವರು ನಗಲಿಲ್ಲ. "ನನ್ನ ಕೈಲಾಗಲ್ಲ ಬಿಡು" ಅಂತ ಫೋನು ಪಕ್ಕಕ್ಕಿಟ್ಟರು. ನನ್ನ ನಗು ಅಲ್ಲೇ ನಿಂತಿತು. (ಆ ಗಿರಾಕಿಗೆ ನನ್ನ ತಮ್ಮನ ತೋಟದ ಕಾಯಿ ಕಳಿಸಿ ಮಾತು ಉಳಿಸಿಕೊಂಡ್ವಿ ಅನ್ನಿ.)

ಭಾನುವಾರ ಮನೆಗೆ ಬಂದ ಮೊಮ್ಮಗಳಿಗೆ ನಡೆದಿದ್ದು ಹೇಳಿ, "ತೆಗೆದುಬಿಡವ್ವ ಆ ಕಾಯಿಗಳನ್ನ" ಅಂದೆ.

"ಯಾಕಜ್ಜಿ? ತಪ್ಪು ನಂದು. ಅಲಂಕಾರಕ್ಕೆ ಹಾಕಿದ್ದನ್ನ ಓದಬೇಡ ಅಂತ ಫೋನಿಗೆ ಹೇಳೇ ಇರಲಿಲ್ಲ. ವೆಬ್‌ಸೈಟಿನ ಕೋಡಿನಲ್ಲಿ ಒಂದು ಮಾತು ಸೇರಿಸಿದ್ರೆ ಆಯ್ತು. ಕಣ್ಣಿಗೆ ಇರ್ತೈತೆ, ಕಿವಿಗೆ ಇರಲ್ಲ."

ಅದೇ ಸಾಲಿನ ಕೊನೆಯಲ್ಲಿ ಅಕ್ಷರವೇ ಇಲ್ಲದ ಫೋನಿನ ಚಿತ್ರ ಒಂದಿತ್ತು. ಅದಕ್ಕೆ ಮಾತ್ರ 'ಕರೆ ಮಾಡಿ' ಅಂತ ಓದೋ ಹಾಗೆ ಮಾಡಿದಳು. "ಕೆಲಸ ಮಾಡೋ ಚಿತ್ರ ಬಾಯಿ ಬಿಡಲೇಬೇಕಜ್ಜಿ!"

ಯಜಮಾನರು ಒಲ್ಲದ ಮನಸ್ಸಿನಿಂದ ಬೆರಳಾಡಿಸಿದರು. ಶೇಂಗಾ ಪುಡಿ. ಅಗಸೆ ಪುಡಿ. ಆರ್ಡರ್. ಒತ್ತಿದರು, ಕಿವಿಗೆ ಹಿಡಿದು ಕೇಳಿದರು, ಮುಖ ಅರಳಿಬಿಟ್ಟಿತು.

"ಹೊಳಲ್ಕೆರೆಯಿಂದ ಬಂದೈತೆ ಕಣೇ! ಡಬ್ಬಿ ತೆಗಿ!"

ಡಬ್ಬಿ ಆಮೇಲೆ ಅಂತ ನಾನು ದೇವರ ಮುಂದಿನ ತೆಂಗಿನಕಾಯಿ ತಂದು ಅವರ ಕೈಗಿಟ್ಟೆ. ಅವರು ಅದನ್ನ ಕಿವಿ ಹತ್ರ ಅಲ್ಲಾಡಿಸಿದರು. ನೀರು ಗುಳುಗುಳು ಅಂತು.

"ಏನವ್ವ, ಇದಿನ್ನೂ ಮಾತಾಡ್ತೈತಲ್ಲ! ಇದಕ್ಕೆ ಹೇಳಲಿಲ್ವಾ?" ಅಂತ ಮೊಮ್ಮಗಳನ್ನ ಕಿಚಾಯಿಸಿ, ಕಲ್ಲಿಗೆ ಕುಟ್ಟಿ ಒಡೆದೇಬಿಟ್ಟರು.