ಕೇಳಿಸದ ಕಡೆ ನಿಂತ ಅಕ್ಕ

ಬೀದಿಯವರ ಬಾಯಲ್ಲಿ ಅವಳು ಬಟ್ಟೆ ಅಂಗಡಿ ಅಕ್ಕ. ತಮ್ಮನ ಮಗಳ ಬಾಯಲ್ಲಿ ಗಿಫ್ಟ್ ಅತ್ತೆ. ಅಪ್ಪ ತೀರಿಕೊಂಡಾಗ ಓದು ಬಿಟ್ಟು ಅಂಗಡಿ ಸೇರಿದವಳು ಬಟ್ಟೆಯ ಥಾನು ಬಿಡಿಸಿ ಹರವುವ ಕೆಲಸದಿಂದ ಶುರುಮಾಡಿ ಮೇಲಿನ ಮಹಡಿಯ ಉಸ್ತುವಾರಿಯವರೆಗೆ ಬಂದಿದ್ದಳು. ಮದುವೆಯ ಮಾತೆತ್ತಿದವರಿಗೆಲ್ಲ “ಮೊದಲು ತಮ್ಮ ಒಂದು ದಡ ಸೇರ್ಲಿ” ಎನ್ನುತ್ತ ಬಂದು, ಕಡೆಗೆ ಆ ಮಾತೆತ್ತುವವರೇ ಇಲ್ಲದಂತಾಯಿತು. ತಮ್ಮನೇನೋ ದಡ ಸೇರಿದ. ಲಿಫ್ಟ್ ರಿಪೇರಿಯ ಕೆಲಸ ಹಿಡಿದ, ಮದುವೆಯಾದ, ಅಮ್ಮನನ್ನು ತನ್ನ ಜೊತೆಗೇ ಇಟ್ಟುಕೊಂಡ. ಅಕ್ಕ ಅಂಗಡಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದು ಅಲ್ಲೇ ಉಳಿದಳು.

ಕ್ರಿಸ್‌ಮಸ್ ಬಂತೆಂದರೆ ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಆದರೂ ಹಬ್ಬದ ಮಧ್ಯಾಹ್ನ ಎರಡೂ ಕೈಗಳಲ್ಲಿ ಚೀಲ ಹೊತ್ತು ತಮ್ಮನ ಮನೆಗೆ ಹೋಗುವುದು ತಪ್ಪುತ್ತಿರಲಿಲ್ಲ. ಒಬ್ಬೊಬ್ಬರಿಗೆ ಎರಡು ಮೂರು ಪೊಟ್ಟಣ. ಬಣ್ಣದ ಕಾಗದ ಹರಿಯುವ ಸದ್ದು, ಮಕ್ಕಳ ಕೂಗಾಟ, “ಅಯ್ಯೋ, ಇಷ್ಟೆಲ್ಲ ಯಾಕಕ್ಕ?” ಎನ್ನುವ ತಮ್ಮ. ಆ ಒಂದು ಗಳಿಗೆಯಲ್ಲಿ ಅವಳು ಮನೆಯ ಹಿರಿಯಳು. ಊಟವಾದ ಮೇಲೆ ಸೋಫಾದಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಸಂಜೆ ಯಾರಾದರೂ ಎಬ್ಬಿಸಿ ಬಸ್ಸು ಹತ್ತಿಸುತ್ತಿದ್ದರು.

ಆ ವರ್ಷ ತಮ್ಮನ ಹೆಂಡತಿ ಫೋನು ಮಾಡಿದಳು.

“ಅತ್ತಿಗೆ, ಈ ಸಲ ಯಾರೂ ಯಾರಿಗೂ ಏನೂ ತರೋದು ಬೇಡ. ಮಕ್ಕಳಿಗೆ ಒಂದೊಂದು ಪುಸ್ತಕ ಸಾಕು. ಎಲ್ಲ ಸೇರಿ ಅಡಿಗೆ ಮಾಡೋಣ, ಆಟ ಆಡೋಣ. ನೀವು ಬೆಳಿಗ್ಗೇನೇ ಬಂದುಬಿಡಿ.”

“ಆಯ್ತಮ್ಮ, ಹಾಗೇ ಆಗ್ಲಿ,” ಎಂದು ನಗುತ್ತಲೇ ಫೋನಿಟ್ಟಳು. ಇಟ್ಟಮೇಲೆ ಸಿಟ್ಟು ಬಂತು. ನನ್ನ ಕೈಯಿಂದ ತೊಗೊಳ್ಳೋದು ಈಗ ಭಾರವಾಯಿತೇ ಇವರಿಗೆ? ಹಠಕ್ಕೆ ಬಿದ್ದು ಎಂದಿಗಿಂತ ಹೆಚ್ಚೇ ಕೊಂಡಳು. ತಮ್ಮನಿಗೆಂದು ಹಾಡು ಕೇಳಲು ಒಳ್ಳೆಯ ಹೆಡ್‌ಫೋನು ಆರಿಸಿದಳು.

ಹಬ್ಬದ ದಿನ ಅವಳು ಬಂದಾಗ ಮನೆಯವರೆಲ್ಲ ಅಡಿಗೆಮನೆಯಲ್ಲಿದ್ದರು. ಅಮ್ಮ ಕುರ್ಚಿಯಲ್ಲಿ ಕೂತು ಬೀನ್ಸ್ ಸೋಸುತ್ತಿದ್ದಳು. ಮಗಳ ಕೈಯಲ್ಲಿದ್ದ ಚೀಲ ನೋಡಿ ಮತ್ತೆ ಬೀನ್ಸಿಗೆ ತಿರುಗಿದಳು. ಅಕ್ಕ ಅದನ್ನು ಬಾಗಿಲ ಹಿಂದೆ ಸರಿಸಿಟ್ಟಳು. ಊಟದ ಹೊತ್ತಿಗೆ ಸರಿಯಾಗಿ ಎಲ್ಲರನ್ನೂ ಬೆರಗು ಮಾಡಬೇಕೆಂಬುದು ಅವಳ ಲೆಕ್ಕಾಚಾರ.

ತಮ್ಮನ ಮಗಳು, ಆ ಪುಟ್ಟ ಹುಡುಗಿ, ಡಬ್ಬಿಯೊಂದರಲ್ಲಿ ಚೀಟಿ ಹಾಕಿ ತಂದಳು. ಯಾರ ಹೆಸರು ಬಂದರೆ ಅವರ ಜೊತೆ ಒಂದು ಕೆಲಸ ಮಾಡಬೇಕು, ಅಷ್ಟೇ ಆಟ. ಅಕ್ಕನಿಗೆ ತಮ್ಮ ಬಂದ. ಇಬ್ಬರೂ ಪಾತ್ರೆ ತೊಳೆಯಲು ನಿಂತರು. ಅವನು ಉಜ್ಜುವುದು, ಇವಳು ಒರೆಸುವುದು.

ನಲ್ಲಿಯ ನೀರು ಸುರಿಯುತ್ತಿತ್ತು. ಅವನ ಎಡಕ್ಕೆ ನಿಂತ ಅಕ್ಕ ಮೆಲ್ಲಗೆ ಕೇಳಿದಳು: “ನಾನು ತರೋದು ನಿಂಗೆ ಬೇಡವಾಯ್ತೇನೋ?”

ಅವನು ಬಾಣಲೆ ಉಜ್ಜುತ್ತಲೇ ಇದ್ದ.

“ಮನಸ್ಸಲ್ಲಿ ಏನಿದ್ಯೋ ಬಾಯಿಬಿಟ್ಟು ಹೇಳು. ಹೆಂಡ್ತಿ ಕೈಲಿ ಯಾಕೆ ಹೇಳಿಸ್ತೀಯ?”

ಅವನು ತಿರುಗದೆ ಇನ್ನೊಂದು ಪಾತ್ರೆ ಕೈಗೆತ್ತಿಕೊಂಡ. ಅವಳ ಪಿತ್ತ ನೆತ್ತಿಗೇರಿತು. ಕೈಯಲ್ಲಿದ್ದ ತಟ್ಟೆಯನ್ನು ಕಟ್ಟೆಯ ಮೇಲೆ ಕುಕ್ಕಿ, ಮನೆಯೆಲ್ಲ ಕೇಳುವ ಹಾಗೆ ಕೂಗಿದಳು:

“ಹೆಂಡ್ತಿ ಪಿಸುಗುಟ್ಟಿದ್ರೂ ಕೇಳ್ಸತ್ತೆ, ಅಕ್ಕ ಗಂಟಲು ಹರ್ಕೊಂಡ್ರೂ ಕೇಳ್ಸಲ್ಲ, ಅಲ್ವಾ? ಕಿವುಡ!”

ಅವನು ಬೆಚ್ಚಿ ತಿರುಗಿದ. ಬಾಗಿಲಲ್ಲಿ ಅಮ್ಮ, ಅವನ ಹೆಂಡತಿ, ಮಕ್ಕಳು. ಹುಡುಗಿ ಬಂದು ಅತ್ತೆಯ ಸೆರಗು ಹಿಡಿದಳು.

“ಅತ್ತೆ, ಆ ಕಡೆ ನಿಂತ್ಕೊಂಡ್ರೆ ಅಪ್ಪಂಗೆ ಕೇಳ್ಸಲ್ಲ. ಈ ಕಡೆ ಬಾ.”

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖದ ರಕ್ತವೆಲ್ಲ ಇಳಿದುಹೋಯಿತು.

“ಯಾವಾಗಿಂದ?” ಎಂದಳು.

“ಆ ದೊಡ್ಡ ಜ್ವರ ಬಂತಲ್ಲ, ಆಗಿಂದ,” ಎಂದ ತಮ್ಮ.

“ನಂಗ್ಯಾಕೋ ಹೇಳ್ಲಿಲ್ಲ?”

ಅವನು ಕೈ ಒರೆಸಿಕೊಂಡ. “ಹೇಳಿದ್ದೆ ಕಣಕ್ಕ. ಆವತ್ತೂ ಹಬ್ಬಾನೇ. ನೀನು ಮಕ್ಕಳ ಪೊಟ್ಟಣ ಬಿಚ್ಕೊಡ್ತಿದ್ದೆ. ‘ಹೂಂ, ಹುಷಾರಾಗಿರು’ ಅಂದೆ.”

ಅವಳು ‘ಹೂಂ’ ಎಂದದ್ದು ನಿಜವಿರಬೇಕು. ಅಂಗಡಿಯಲ್ಲಿ ದಿನವಿಡೀ ಅದನ್ನೇ ಅನ್ನುತ್ತಿದ್ದಳು. ತಮ್ಮನ ಅಂಗಿಯ ಅಳತೆ, ಕಾಲಿನ ಅಳತೆ ನಿದ್ದೆಯಲ್ಲಿ ಕೇಳಿದರೂ ಹೇಳುವವಳಿಗೆ ಅವನ ಒಂದು ಕಿವಿ ಹೋದದ್ದು ಗೊತ್ತಿರಲಿಲ್ಲ. ಆರು ತುಂಬದ ಹುಡುಗಿಗೆ ಗೊತ್ತಿತ್ತು. ಭೂಮಿ ಬಾಯಿಬಿಟ್ಟಿದ್ದರೆ ಆಗಲೇ ಇಳಿದುಹೋಗುತ್ತಿದ್ದಳು.

ತಮ್ಮನ ಹೆಂಡತಿ ಮುಂದೆ ಬಂದು ನಲ್ಲಿ ನಿಲ್ಲಿಸಿದಳು. “ಊಟಕ್ಕೆ ಕೂತ್ಕೊಳ್ಳಿ ಅತ್ತಿಗೆ. ಆರಿಹೋಗತ್ತೆ.” ಅವಳ ದನಿಯಲ್ಲಿ ಚೂರೂ ಕಹಿಯಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಊಟಕ್ಕೆ ಕೂರುವಾಗ ಹುಡುಗಿಯ ಅಣ್ಣ ಬಾಗಿಲ ಹಿಂದಿನ ಚೀಲ ಕಂಡುಹಿಡಿದ. “ಅತ್ತೆ, ಇದೇನು?”

“ಅದು... ಅಂಗಡಿ ಸಾಮಾನು ಕಣೋ. ಬೇರೆಯವರಿಗೆ ತಲುಪಿಸ್ಬೇಕು,” ಎಂದುಬಿಟ್ಟಳು. ಅಮ್ಮ ತಲೆಯೆತ್ತಿ ಒಮ್ಮೆ ನೋಡಿ, ಅನ್ನ ಬಡಿಸಿದಳು. ಆ ವಯಸ್ಸಿನಲ್ಲಿ ಅಮ್ಮನ ಎದುರು ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದಳು.

ಊಟದ ನಂತರ ಎಲ್ಲರೂ ನೆಲದ ಮೇಲೆ ಇಸ್ಪೀಟು ಹಾಕಿ ಕೂತರು. ಅವರದೇ ಮನೆಯ ಆಟ, ಅವರದೇ ನಿಯಮ. ನಡುನಡುವೆ ಹಳೆಯ ಜಗಳಗಳನ್ನು ನೆನೆದು ನಗು. ಅಕ್ಕನಿಗೆ ಒಂದೂ ತಿಳಿಯದು. ಅವಳು ನಿದ್ದೆಹೋಗುತ್ತಿದ್ದ ಮಧ್ಯಾಹ್ನಗಳಲ್ಲೇ ಇದೆಲ್ಲ ಬೆಳೆದಿತ್ತು. ಹುಡುಗಿ ಪಕ್ಕದಲ್ಲಿ ಕೂತು ಹೇಳಿಕೊಟ್ಟಳು. ಅಕ್ಕ ಪ್ರತಿ ಸುತ್ತೂ ಸೋತಳು. ಕ್ಷಮಿಸೆಂದು ತಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. ಸಂಜೆ ಅವನು ಬಸ್ಸು ಹತ್ತಿಸಲು ಬಂದಾಗ ನಿಲ್ದಾಣದಲ್ಲಿ ಅವನ ಬಲಗಡೆಗೆ ಬಂದು ನಿಂತಳು. ಆಗಲೂ ಆಡಿದ್ದು ಇಷ್ಟೇ: “ಡಾಕ್ಟರು ಏನಂತಾರೆ?” ಚೀಲದಲ್ಲಿದ್ದದ್ದನ್ನೆಲ್ಲ ಮಾರನೆಯ ದಿನ ತಂದ ಅಂಗಡಿಗಳಿಗೇ ಹಿಂತಿರುಗಿಸಿದಳು. “ಯಾಕಮ್ಮ, ಚೆನ್ನಾಗಿಲ್ವಾ?” ಎಂದವರ ಮುಖ ನೋಡಲಾಗಲಿಲ್ಲ.

ಮುಂದಿನ ವರ್ಷ ಹಬ್ಬದ ಹಿಂದಿನ ದಿನದಿಂದಲೇ ರಜೆ ಕೇಳಿದಳು. ಯಜಮಾನರು ಗೊಣಗಿದರು, ಕೊಟ್ಟರು. ಬರಿಗೈಯಲ್ಲಿ ತಮ್ಮನ ಮನೆಯ ಮೆಟ್ಟಿಲು ಹತ್ತುವಾಗ ಏನೋ ಕದ್ದವಳಂತೆ ಮೈ ಹಿಡಿಯಾಯಿತು. ತಮ್ಮ ಕಿಟಕಿಗೆ ನಕ್ಷತ್ರ ಕಟ್ಟುತ್ತಿದ್ದ. ಅವಳು ಸ್ಟೂಲು ಹಿಡಿದು ನಿಂತಳು.

“ನೀನು ದಿನಾ ಏನು ಕೆಲಸ ಮಾಡ್ತೀಯೋ?” ಎಂದಳು.

“ಲಿಫ್ಟ್ ರಿಪೇರಿ ಅಕ್ಕ. ಮರ್ತೇಹೋಯ್ತಾ?” ಎಂದು ನಕ್ಕ.

“ಅದು ಗೊತ್ತು. ಬೆಳಿಗ್ಗೆ ಹೋಗಿ ಏನ್ಮಾಡ್ತೀಯ, ಅದು ನಂಗೊತ್ತಿಲ್ಲ. ಹೇಳು.”

ಅವನು ಹೇಳತೊಡಗಿದ. ಇಷ್ಟು ವರ್ಷವಾದ ಮೇಲೆ ಕೇಳುತ್ತಿದ್ದೇನಲ್ಲ ಎಂಬ ನಾಚಿಕೆಗೆ ಅವಳು ತಲೆ ತಗ್ಗಿಸಿಯೇ ಇದ್ದಳು. ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಳು.