ಗೋಡೆ ಮೇಲಿನ ಅತ್ತಿಗೆ

ನಮ್ಮ ಅತ್ತಿಗೆಗೆ ಅನುಮಾನವೇ ಹೊಟ್ಟೆಪಾಡು. ಬಾಟಲಿ ಕಾರ್ಖಾನೆಯಲ್ಲಿ ಅವರ ಕೆಲಸ ಬೆಳಕಿನ ಮುಂದೆ ಕೂರುವುದು. ಎದುರಿಗೆ ಬಿಳಿ ದೀಪ ಉರಿಯುತ್ತಿರುತ್ತದೆ, ಅದರ ಮುಂದೆ ಖಾಲಿ ಬಾಟಲಿಗಳು ಸಾಲಾಗಿ ಸರಿದು ಹೋಗುತ್ತವೆ. ಬಿರುಕು, ಗುಳ್ಳೆ, ಕಸ ಕಂಡರೆ ಆ ಬಾಟಲಿಯನ್ನು ಎತ್ತಿ ಪಕ್ಕದ ಡಬ್ಬಕ್ಕೆ ಹಾಕಬೇಕು. ಅದೇ ಚಾಳಿ ಮನೆಗೂ ಬಂತು. ಮೊಟ್ಟೆ, ನೋಟು, ಸೀರೆಯ ಸೆರಗು, ಯಾವುದನ್ನೂ ಬೆಳಕಿಗೆ ಹಿಡಿಯದೆ ಬಿಟ್ಟವರಲ್ಲ. ನನಗೆ ಹೆಣ್ಣು ನೋಡುವಾಗ ಹುಡುಗಿಯ ಫೋಟೋವನ್ನೂ ಕಿಟಕಿಗೆ ಹಿಡಿದು ನೋಡಿದ್ದರು. ನನ್ನ ಹೆಂಡತಿ ಇವತ್ತಿಗೂ ಅದನ್ನು ಮರೆತಿಲ್ಲ.

ನಾನು ಬೀಗ ರಿಪೇರಿ ಮಾಡಿ, ಕೀಲಿ ಕೊರೆದು ಬದುಕುವವನು. ಊರಿನ ಬೀಗವೆಲ್ಲ ನನ್ನ ಕೈಗೆ ಬಂದರೂ ಅತ್ತಿಗೆ ತಮ್ಮ ಬೀರುವಿನ ಕೀಲಿಯನ್ನು ಬೇರೆ ಅಂಗಡಿಯಲ್ಲಿ ಮಾಡಿಸಿದರು. ನನಗೇನೂ ಬೇಜಾರಿಲ್ಲ. ನಮ್ಮಣ್ಣನನ್ನೂ ಅವರು ನಂಬಿದ್ದು ಅಷ್ಟರಮಟ್ಟಿಗೇ.

ಇಂಥವರನ್ನು ಹುಡುಕಿಕೊಂಡು ಕಾರ್ಖಾನೆಯ ಹೊಸ ಅಧಿಕಾರಿ ಬಂದ. ಸೆಕೆಯಲ್ಲೂ ಕೋಟು ಬಿಚ್ಚದ ಆಸಾಮಿ. ಕಾರ್ಖಾನೆಗೆ ಜನ ಸಿಗುತ್ತಿರಲಿಲ್ಲ, ಜಾಹೀರಾತು ಕೊಟ್ಟರೆ ಯಾರೂ ಮೂಸುತ್ತಿರಲಿಲ್ಲ. ಕಂಪನಿಯ ಮಾತನ್ನು ನಂಬದವರೂ ಅಲ್ಲಿ ದುಡಿಯುವವರ ಮುಖವನ್ನು ನಂಬುತ್ತಾರೆ ಎಂಬುದು ಅವನ ಲೆಕ್ಕಾಚಾರ. ಇನ್ನು ಮುಂದೆ ನೀವೇ ನಮ್ಮ ರಾಯಭಾರಿ ಎಂದು ಅತ್ತಿಗೆಗೆ ಹೇಳಿ, ಅವರ ಫೋಟೋ ತೆಗೆಸಿಕೊಂಡು ಹೋದ.

ಅತ್ತಿಗೆ ನೆಟ್ಟಗೆ ನನ್ನ ಅಂಗಡಿಗೆ ಬಂದರು. “ಅಷ್ಟು ಜನ ಲಕ್ಷಣವಾದ ಹುಡುಗೀರಿದಾರೆ. ನನ್ನನ್ನೇ ಯಾಕೆ ಹಿಡಿದ ಅವನು?”

“ನಿಮ್ಮ ಮೇಲೆ ಗೌರವ ಇರಬೇಕು ಅತ್ತಿಗೆ.”

“ಇಷ್ಟು ವರ್ಷ ಆ ಗೌರವ ಎಲ್ಲಿ ಮಲಗಿತ್ತಂತೆ? ಇದರಲ್ಲಿ ಏನೋ ಇದೆ ಕಣಪ್ಪ.”

ಬಸ್ ನಿಲ್ದಾಣದ ಗೋಡೆಗೆ ಪೋಸ್ಟರ್ ಬಂತು. ಆಳೆತ್ತರದ ಅತ್ತಿಗೆ, ಕೈಯಲ್ಲಿ ಬಾಟಲಿ, ಕೆಳಗೆ ‘ಇದು ನನ್ನ ಎರಡನೇ ಮನೆ, ನೀವೂ ಬನ್ನಿ’ ಎಂಬ ಸಾಲು. ಆ ಮಾತು ಅವರ ಬಾಯಿಂದ ಬಂದದ್ದಲ್ಲ, ಒಂದು ಮನೆಯ ಕಾಟವೇ ಸಾಕಾಗಿದೆ ಎನ್ನುವ ಹೆಂಗಸು ಅವರು. ಎಷ್ಟು ಚೆನ್ನಾಗಿ ನಗ್ತಿದ್ದಾರೆ ಎಂದು ನೋಡಿದವರೆಲ್ಲ ಹೊಗಳಿದರು. ಅದು ನಗುವಲ್ಲ ಎಂದು ಮನೆಯವರಿಗೆ ಗೊತ್ತಿತ್ತು. ಸೂಜಿಗೆ ದಾರ ಪೋಣಿಸುವಾಗಲೂ ಅವರು ಹಾಗೆಯೇ ಕಣ್ಣು ಕಿರಿದು ಮಾಡಿ ತುಟಿ ಎಳೆದುಕೊಳ್ಳುತ್ತಿದ್ದರು.

ಆಮೇಲೆ ಅವರನ್ನು ದೀಪದ ಮುಂದಿನಿಂದ ಎಬ್ಬಿಸಿ ಗೇಟಿನ ಪಕ್ಕದ ಕೋಣೆಯಲ್ಲಿ ಕೂರಿಸಿದರು. ಕೆಲಸ ಕೇಳಿ ಬಂದವರೊಡನೆ ಮಾತಾಡುವುದು, ನೀರು ಕೊಡುವುದು, ಧೈರ್ಯ ಹೇಳುವುದು. ಸಂಬಳ ಅಷ್ಟೇ, ಕುರ್ಚಿ ಮಾತ್ರ ಮೆತ್ತನೆಯದು. ನನಗೂ ಅನುಮಾನ ಶುರುವಾಯಿತು. ಕಂಪನಿ ಬಿಟ್ಟಿಯಾಗಿ ಮೆತ್ತನೆಯ ಕುರ್ಚಿ ಕೊಟ್ಟದ್ದನ್ನು ನಾನಂತೂ ಕೇಳಿರಲಿಲ್ಲ.

ಕಾರ್ಖಾನೆಯ ಮೇಸ್ತ್ರಿ ಕೀಲಿ ಮಾಡಿಸಲು ಬಂದಾಗ ಬಾಯಿ ಬಿಟ್ಟ. “ನಿಮ್ಮತ್ತಿಗೆ ಪುಣ್ಯವಂತೆ ಬಿಡಿ. ಅವರ ಸಾಲಿಂದ ಬಿರುಕು ಬಾಟಲಿ ದಾಟಿ ಹೋಗ್ತಿತ್ತು. ಬೇರೆಯವರಾಗಿದ್ರೆ ಮನೆಗೆ ಕಳಿಸ್ತಿದ್ರು. ಮುಖ ಚೆನ್ನಾಗಿದೆ, ಗೇಟಲ್ಲಿ ಕೂರಿಸಿ ಅಂದ್ರು ಸಾಹೇಬ್ರು.”

ಇದನ್ನು ಅತ್ತಿಗೆಗೆ ಹೇಳಿದೆ. ಜಗಳಕ್ಕೆ ಹೋಗುತ್ತಾರೆ ಎಂದುಕೊಂಡಿದ್ದೆ. “ಹಂಗಾದ್ರೆ ಅವನಿಗೆ ಗೊತ್ತಿದೆ” ಎಂದಷ್ಟೇ ಹೇಳಿ ಒಳಗೆ ಹೋದರು. ಏನು ಗೊತ್ತಿದೆ ಎಂದು ನಾನೂ ಕೆದಕಲಿಲ್ಲ.

ದೀಪದ ಮುಂದೆ ಖಾಲಿಯಾದ ಆ ಜಾಗಕ್ಕೆ ಕೆಲಸ ಕೇಳಿಕೊಂಡು ಹೋದವಳು ನನ್ನ ಮಗಳೇ. ಪೋಸ್ಟರ್ ನೋಡಿ, ದೊಡ್ಡಮ್ಮ ಇರುವಾಗ ಭಯವೇನು ಎಂದು ಹೊರಟಿದ್ದಳು. ಎಲ್ಲರೆದುರು ದೊಡ್ಡಮ್ಮ ಅವಳನ್ನು ವಾಪಸು ಕಳಿಸಿದರು. ಆದರೆ ಆ ಕೋಟಿನ ಅಧಿಕಾರಿ ಅವಳನ್ನು ಕರೆದು, ಕಣ್ಣು ಪರೀಕ್ಷೆ ಮಾಡಿಸಿ, ಸೋಮವಾರದಿಂದಲೇ ಬಾ ಎಂದ.

“ತನಗೆ ಕುರ್ಚಿ ಸಿಕ್ಕಿತು, ಇನ್ನು ಯಾರೂ ಮೇಲೆ ಬರಬಾರದು” ಎಂದಳು ನನ್ನ ಹೆಂಡತಿ. ಆದರೆ ಬಂದವರನ್ನು ಹೀಗೆ ಅಟ್ಟಿದರೆ ಅತ್ತಿಗೆಯ ಕೆಲಸವೇ ಹೋಗುತ್ತದೆ, ಅದು ಗೊತ್ತಿದ್ದೂ ಯಾಕೆ ಹೀಗೆ ಮಾಡಿದರು ಎಂಬುದು ಬಗೆಹರಿಯಲಿಲ್ಲ.

ಸಂಜೆ ಅತ್ತಿಗೆ ನಮ್ಮ ಮನೆಗೆ ಬಂದರು. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು, ಒಳಗೆ ಬರಲಿಲ್ಲ.

“ಊರಿಗೆಲ್ಲ ಬನ್ನಿ ಬನ್ನಿ ಅಂತೀರಿ. ನಾನೊಬ್ಬಳು ಬೇಡ್ವಾ ದೊಡ್ಡಮ್ಮ?” ದನಿ ಗಟ್ಟಿಯಾಗಿಯೇ ಇತ್ತು. ಕೆನ್ನೆ ಒದ್ದೆಯಾಗಿತ್ತು.

ಅತ್ತಿಗೆ ಕಣ್ಣು ಕಿರಿದು ಮಾಡಿ ಅವಳತ್ತ ನೋಡಿದರು.

“ನೀನು ಅಲ್ಲಿ ನಿಂತು ಅಳ್ತಿದೀಯೋ, ನನ್ನ ನೋಡಿ ನಗ್ತಿದೀಯೋ, ನಂಗೆ ಕಾಣ್ತಿಲ್ಲ ಪುಟ್ಟಿ. ಬಾಗಿಲಲ್ಲಿ ಯಾರೋ ಇದಾರೆ ಅನ್ನೋದು ಕಾಣುತ್ತೆ, ಅಷ್ಟೇ.”

ನನ್ನ ಹೆಂಡತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

“ನಿಮ್ಮ ದೊಡ್ಡಪ್ಪಂಗೆ ಹೇಳಬೇಡಿ” ಎಂದರು ಅತ್ತಿಗೆ. “ ಡಾಕ್ಟರ ಹತ್ರ ಹೋದ್ರೆ ಸುದ್ದಿ ಕಾರ್ಖಾನೆ ಮುಟ್ಟುತ್ತೆ ಅಂತ ಹೋಗಲಿಲ್ಲ. ಆ ದೀಪದ ಕೆಲಸವೋ, ನನ್ನ ವಯಸ್ಸೋ, ಗೊತ್ತಿಲ್ಲ. ಅನುಮಾನ ಅಷ್ಟೇ. ಅನುಮಾನ ಇಟ್ಕೊಂಡು ನಿನ್ನ ಹೇಗೆ ಅಲ್ಲಿ ಕೂರಿಸಲಿ?”

ಮಗಳು ಕೆನ್ನೆ ಒರೆಸಿಕೊಳ್ಳದೆಯೇ, “ಸೋಮವಾರ ನಾನು ಹೋಗಲ್ಲ. ಅಳ್ತಾನೂ ಇಲ್ಲ ದೊಡ್ಡಮ್ಮ” ಎಂದಳು.

ಅತ್ತಿಗೆ ಅವಳ ಮಾತನ್ನು ನಂಬಿದರು.