ಗಿಣಿ ಡಾಬು

ಮೊದಲ ಹೆರಿಗೆ ಮುಗಿಸಿ ಹರಿಹರದ ತವರಿನಿಂದ ದಾವಣಗೆರೆಯ ಗಂಡನ ಮನೆಗೆ ಬಂದ ದಿನ ರೈಲಿನಿಂದ ಮೊದಲು ತೊಟ್ಟಿಲು ಇಳಿಯಿತು. ಆಮೇಲೆ ಮಗಳು, ಆಮೇಲೆ ಅಂಟಿನುಂಡೆಯ ಡಬ್ಬಿಗಳು, ಎಲ್ಲದರ ಕೊನೆಗೆ ನಾನು. ಕರೆದೊಯ್ಯಲು ಬಂದಿದ್ದ ನಮ್ಮ ಯಜಮಾನರು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ಟಾಂಗಾದವನಿಗೆ "ಇನ್ನೊಂದು ಟಾಂಗಾ ಕರೆಯಪ್ಪ" ಎಂದರು. ಅದು ಸಾಮಾನಿಗೆ ಎಂದು ಆಮೇಲೆ ಹೇಳಿದರು. ನಾನು ನಂಬಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಾಣಂತಿ ಎಷ್ಟು ದಪ್ಪಗಾಗುತ್ತಾಳೋ ತವರಿಗೆ ಅಷ್ಟು ಮರ್ಯಾದೆ ಎನ್ನುವ ಕಾಲ. ಅವ್ವ ನನ್ನನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ತಿಂಗಳುಗಟ್ಟಲೆ ತುಪ್ಪದಲ್ಲಿ ಅದ್ದಿ ತೆಗೆದಿದ್ದಳು. ನೀರು ಕೇಳಿದರೆ ಬಿಸಿನೀರು, ಅದೂ ಗುಟುಕು ಲೆಕ್ಕದಲ್ಲಿ. ತುಪ್ಪಕ್ಕೆ ಮಾತ್ರ ಲೆಕ್ಕವಿರಲಿಲ್ಲ. ದಾವಣಗೆರೆಯಲ್ಲಿ ಅತ್ತೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ದೃಷ್ಟಿ ತೆಗೆದು, ಸಂತೆಯಲ್ಲಿ ಕುಂಬಳಕಾಯಿ ನೋಡುವಂತೆ ನನ್ನ ತೋಳು ಒತ್ತಿ ನೋಡಿದರು.

"ಬೀಗಿತ್ತಿ ಚಲೋ ಬಾಣಂತನ ಮಾಡ್ಯಾಳೆ" ಎಂದರು. ಆಮೇಲೆ, "ನಾವೇನು ಕಡಿಮಿ ಇಲ್ಲ" ಎಂದು ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದರು.

ನಾದಿನಿಯ ಮದುವೆ ಗೊತ್ತಾಗಿತ್ತು. ಬೀಗರ ದಿಬ್ಬಣ ಬಂದಾಗ ಬಾಗಿಲಲ್ಲಿ ಆರತಿ ಹಿಡಿದು ನಿಲ್ಲುವ ಹೆಣ್ಣುಮಗಳು ಮನೆತನದ ಡಾಬು ತೊಟ್ಟಿರಬೇಕು ಎಂಬುದು ಆ ಮನೆಯ ಪದ್ಧತಿ. ಹಿರಿಸೊಸೆಯಾದ್ದರಿಂದ ಆ ಪಾಳಿ ನನ್ನದು. ಬಂಗಾರದ ನೀರು ಕೊಟ್ಟ ಬೆಳ್ಳಿಯ ಸೊಂಟಪಟ್ಟಿ ಅದು. ಮುಂದುಗಡೆ ಎರಡು ಗಿಣಿಗಳು ಎದುರುಬದುರು ಕೂತಿದ್ದವು. ಒಂದರ ಕೊಕ್ಕಿಗೆ ಇನ್ನೊಂದರ ಕೊಕ್ಕು ಸಿಕ್ಕಿಸಿದರೆ ಡಾಬು ಕೂಡಿಕೊಳ್ಳುತ್ತಿತ್ತು. ನಾನು ಮದುವೆಯಾಗಿ ಬಂದಾಗ ಅದು ಸೊಂಟದಿಂದ ಜಾರಿ ಜಾರಿ ಬೀಳುತ್ತಿತ್ತೆಂದು ಒಳಗೊಂದು ಕರವಸ್ತ್ರ ಮಡಿಚಿ ತುರುಕಿದ್ದೆ. ಈಗ ಅತ್ತೆ ಟ್ರಂಕಿನಿಂದ ತೆಗೆದು ತೊಡಿಸಿ ನೋಡಿದರೆ ಗಿಣಿಗಳು ನನ್ನ ಹೊಟ್ಟೆಯ ಆಚೆಗೊಂದು ಈಚೆಗೊಂದು, ಮುನಿಸಿಕೊಂಡ ಗಂಡಹೆಂಡಿರಂತೆ ನಿಂತುಬಿಟ್ಟವು.

"ಪತ್ತಾರನ ಕಡೆ ಒಂದು ಕೊಂಡಿ ಜೋಡಿಸಬೌದಲ್ರಿ, ಅತ್ತಿ?"

"ನಮ್ಮತ್ತಿ ತೊಟ್ಟಿದ್ದು. ಬೆಂಕಿಗೆ ಇಡಂಗಿಲ್ಲ."

"ದಾರ ಕಟ್ಟಿದ್ರೆ?"

"ಬಾಗಿಲಾಗೆ ಜೋಳದ ಚೀಲಕ್ಕೆ ದಾರ ಕಟ್ಟಿ ನಿಲ್ಸ್ಯಾರೆ ಅಂತಾರೆ ಬೀಗರು." ಅತ್ತೆ ಡಾಬನ್ನು ಬಟ್ಟೆಯಲ್ಲಿ ಸುತ್ತಿದರು. "ನಿಂಗೆ ಆಗಲಿಲ್ಲ ಅಂದ್ರೆ ಸಣ್ಣಾಕಿ ತೊಡ್ತಾಳೆ, ಬಿಡು."

ಸಣ್ಣಾಕಿ ಎಂದರೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಗಾಳಿಗೆ ಒಣಹಾಕಿದ ಸೀರೆಯಂತಿದ್ದಳು. ಅವಳು ತನ್ನ ಸೊಂಟದ ಮೇಲೆ ಒಂದು ಸಲ ಕೈಯಾಡಿಸಿಕೊಂಡಳು, ಅಷ್ಟೆ. ಆ ಕೈಯನ್ನು ನಾನು ನೋಡಿದೆ. ಡಾಬು ನಾನೇ ತೊಡುವುದು ಎಂದು ಆಗಲೇ ನಿಶ್ಚಯಿಸಿದೆ.

ನಿಶ್ಚಯಿಸುವುದು ಸುಲಭ. ಮಾವನವರದು ಹತ್ತಿ ದಲಾಲಿ ಅಂಗಡಿ. ಹತ್ತಿ ತಂದ ರೈತರಿಗೆಲ್ಲ ಊಟ ನಮ್ಮ ಮನೆಯಲ್ಲೇ. ರೊಟ್ಟಿ ಬಡಿಯುವಾಗ ಮಗು ಅಳುತ್ತಿತ್ತು, ಮಗುವಿಗೆ ಹಾಲು ಕೊಡುವಾಗ ರೊಟ್ಟಿ ಸೀಯುತ್ತಿತ್ತು. ಇಷ್ಟು ದುಡಿದರೆ ಯಾರಾದರೂ ಕರಗಬೇಕು. ಆದರೆ ನಾನು ಕರಗಿಸಿದ್ದನ್ನೆಲ್ಲ ಅತ್ತೆ ಹೊತ್ತುಹೊತ್ತಿಗೆ ಉಂಡೆ ಕಟ್ಟಿ ವಾಪಸು ಕೊಡುತ್ತಿದ್ದರು. "ಹಾಲು ಬತ್ತಿದ್ರೆ ಕೂಸಿಗೆ ಏನು ನೀರು ಕುಡಿಸ್ತೀಯ?" ಎಂದು ಎದುರಿಗೇ ಕೂತು ತಿನ್ನಿಸುವರು. ತಿನ್ನಿಸುವವರೂ ಅವರೇ, ಡಾಬು ಆಗಬೇಕು ಎನ್ನುವವರೂ ಅವರೇ. ಯಜಮಾನರನ್ನು ಕೇಳಿದರೆ, "ನೀ ಹೆಂಗಿದ್ರೂ ಚಂದ ಇದೀಯ. ಸ್ವಲ್ಪ ಆ ಕಡೆ ಸರಿ, ಹಾಸಿಗಿ ಸಾಲ್ತಿಲ್ಲ" ಎಂದರು.

ಹಾಗಾಗಿ ನನ್ನದೇ ಎರಡು ಉಪಾಯ ಹೂಡಿದೆ.

ಅತ್ತೆ ಕೊಟ್ಟ ಉಂಡೆಯ ಒಂದು ಮೂಲೆ ಕಚ್ಚಿ, ಉಳಿದದ್ದನ್ನು ಸೆರಗಿನಲ್ಲಿ ಮುಚ್ಚಿ ಹಿತ್ತಲಿಗೆ ಒಯ್ದು ನೆಗೆಣ್ಣಿಯ ಕೈಗಿಡುತ್ತಿದ್ದೆ. "ನಿಂಗೂ ಶಕ್ತಿ ಬೇಕು, ತಿನ್ನು ನಮ್ಮವ್ವ" ಎನ್ನುತ್ತಿದ್ದೆ. ಅವಳು ಬಾವಿಕಟ್ಟೆಯ ಮೇಲೆ ಕೂತು, ಗೋಡಂಬಿಯನ್ನು ಕೊನೆಗೆ ಉಳಿಸಿಕೊಂಡು, ಕಣ್ಣು ಮುಚ್ಚಿ ತಿನ್ನುವಳು. "ಅಕ್ಕ, ನಿನ್ನಂಥ ನೆಗೆಣ್ಣಿ ಯಾರಿಗೂ ಸಿಗಂಗಿಲ್ಲ" ಎನ್ನುವಳು. ಅವಳ ಕುಪ್ಪಸದ ತೋಳು ದಿನದಿನಕ್ಕೆ ಬಿಗಿಯಾಗುವುದನ್ನು ನೋಡಿ ನಾನೂ ಹೌದೆನ್ನುತ್ತಿದ್ದೆ.

ಇನ್ನೊಂದು ಉಪಾಯ ಡ್ರಿಲ್. ನಾನು ಓದಿದ ಕಾನ್ವೆಂಟಿನಲ್ಲಿ ಸೀಟಿ ಊದುತ್ತ ನಮ್ಮನ್ನು ಕುಣಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಅವರ ನಿಲುವಂಗಿಯ ಒಳಗೆ ಸೊಂಟ ಎಲ್ಲಿದೆ ಎಂದು ಹುಡುಗಿಯರು ಯಾರೂ ಕಂಡುಹಿಡಿದಿರಲಿಲ್ಲ, ಅಷ್ಟು ತೆಳು. ಮಧ್ಯಾಹ್ನ ಮಿಲ್ಲಿನ ಸೈರನ್ ಕೂಗಿ, ರೈತರ ಊಟವಾಗಿ, ಮಗು ತೊಟ್ಟಿಲಲ್ಲಿ ಮಲಗಿ, ಅತ್ತೆ ನಡುಮನೆಯಲ್ಲಿ ಅಡ್ಡಾದ ಮೇಲೆ ನಾನು ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋಗುತ್ತಿದ್ದೆ. ಜೋಳದ ಚೀಲಗಳ ನಡುವೆ ಸೀರೆಯನ್ನು ಕಚ್ಚೆಯ ಹಾಗೆ ಸಿಕ್ಕಿಸಿ, ಕೈ ಮೇಲೆತ್ತಿ, ಬಗ್ಗಿ ಕಾಲಿನ ಹೆಬ್ಬೆರಳು ಮುಟ್ಟಲು ಹೋಗಿ ಮೊಣಕಾಲು ಮುಟ್ಟಿ ಬರುತ್ತಿದ್ದೆ. ಒನ್, ಟೂ, ತ್ರೀ, ಫೋರ್. ಕೊನೆಯ ಪಾಠ ಅಂಗಾತ ಮಲಗಿ ಕಾಲೆತ್ತುವುದು. ಮಲಗುವವರೆಗೆ ಸರಿಯಾಗಿಯೇ ಆಗುತ್ತಿತ್ತು. ಕಾಲು ಎತ್ತುವುದಕ್ಕೆ ಮೊದಲೇ ನಿದ್ದೆ ಬಂದುಬಿಡುತ್ತಿತ್ತು. ಇಡೀ ದಿನದಲ್ಲಿ ನನಗೆ ಬೆನ್ನು ಚಾಚಲು ಸಿಗುತ್ತಿದ್ದ ಹೊತ್ತು ಅದೊಂದೇ.

ನನಗೆ ಹೊಳೆಯದೇ ಹೋದದ್ದು ಏನೆಂದರೆ, ಅಟ್ಟದ ಹಲಗೆಯ ಕೆಳಗೇ ಅತ್ತೆ ಮಲಗುತ್ತಿದ್ದರು. ನಾನು ಕುಪ್ಪಳಿಸಿದಾಗಲೆಲ್ಲ ಸಂದಿಯಿಂದ ಮಣ್ಣು ಉದುರಿ ಅವರ ಮುಖದ ಮೇಲೆ, ಪಕ್ಕದ ಎಲೆಅಡಿಕೆ ತಟ್ಟೆಯ ಮೇಲೆ ಬೀಳುತ್ತಿತ್ತು. ಮೊದಲು ಇಲಿ ಎಂದುಕೊಂಡರಂತೆ. ಒಂದು ದಿನ ಮೆಟ್ಟಿಲು ಹತ್ತಿ ಇಣುಕಿದರು. ಅಂದು ನಾನು ತಲೆಗೆ ನೀರು ಹಾಕಿಕೊಂಡು ಕೂದಲು ಬಿಟ್ಟಿದ್ದೆ. ಕಚ್ಚೆ ಹಾಕಿ, ಕೂದಲು ಕೆದರಿ, ಕೈ ಬೀಸುತ್ತ, ಗೊತ್ತಿಲ್ಲದ ಭಾಷೆಯಲ್ಲಿ ಗೊಣಗುತ್ತಿದ್ದ ಸೊಸೆ ನೋಡುನೋಡುತ್ತಲೇ ನೆಲಕ್ಕೆ ಒರಗಿ ಮಾತಿಲ್ಲದೆ ಬಿದ್ದುಕೊಂಡಳು. ಉಂಡೆ ಸೇರುತ್ತಿಲ್ಲ ಎಂಬ ಅನುಮಾನ ಬೇರೆ ಅವರಿಗೆ ಇದ್ದೇ ಇತ್ತು. ಹಸಿ ಬಾಣಂತಿಗೆ ಗಾಳಿ ಸೋಕಿದೆ ಎನ್ನಲು ಇನ್ನೇನು ಬೇಕು.

ಇದೆಲ್ಲ ನೆಗೆಣ್ಣಿ ಆಮೇಲೆ ಹೇಳಿದ್ದು. ನನಗೆ ಅತ್ತೆ ಹೇಳಿದ್ದು ಇಷ್ಟೇ: "ಕೂಸಿನ್ನ ಉಕ್ಕಡಗಾತ್ರಿ ಅಜ್ಜನ ಪಾದಕ್ಕೆ ಹಾಕ್ಕೊಂಡು ಬರಾನ, ನಡಿ."

ನಾನು ಹಿಗ್ಗಿ ಹೊರಟೆ. ರೊಟ್ಟಿ ಬಡಿಯದ ದಿನವೊಂದು ಸಿಕ್ಕಿತ್ತಲ್ಲ. ಹರಿಹರದವರೆಗೆ ರೈಲು, ಅಲ್ಲಿಂದ ತವರಿನ ಎತ್ತಿನ ಗಾಡಿ. ದಾರಿಯುದ್ದಕ್ಕೂ ಅತ್ತೆ ಮಗುವನ್ನು ನನ್ನ ಕೈಗೆ ಕೊಡಲಿಲ್ಲ. ಹಾಲು ಕುಡಿಸುವಾಗಲೂ ಮಗುವಿನ ಕಾಲು ಹಿಡಿದೇ ಕೂತಿದ್ದರು. ಎಂಥ ಪ್ರೀತಿ ಎಂದುಕೊಂಡೆ.

ಹೊಳೆಯಲ್ಲಿ ಮಿಂದು ಗುಡಿಗೆ ಬಂದರೆ ಹಣೆ ತುಂಬ ವಿಭೂತಿಯ ಹಿರಿಯರೊಬ್ಬರು ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ಯಾವ ಊರಾಕಿ ನೀನು?"

"ತವರು ಹರಿಹರ್ರಿ. ದಾವಣಗೆರಿಗೆ ಕೊಟ್ಟಾರೆ."

"ನಿನ್ನ ಕೇಳಿಲ್ಲವ್ವ. ಒಳಗಿರಾಕೀನ ಕೇಳಿದೆ."

ಗಾಳಿ ಬಿಡಿಸಲು ಜನ ಬರುವ ಗುಡಿ ಅದು; ಅಟ್ಟದ ಮೇಲಿನ ನನ್ನ ಕುಣಿತವನ್ನು ಅತ್ತೆ ನೋಡಿಬಿಟ್ಟಿದ್ದಾರೆ ಎಂದು ಆಗ ಅರ್ಥವಾಯಿತು. ಒಳಗಿರುವವಳು ಕಾನ್ವೆಂಟಿನ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಹೇಗೆ ಎಂಬ ಆಸೆ ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಅತ್ತೆಯ ಕಡೆ ಕಣ್ಣು ಹೋಯಿತು. ಮಗುವನ್ನು ಸೆರಗಿನೊಳಗೆ ಮುಚ್ಚಿ, ನನ್ನ ನೆರಳು ಬೀಳದಂತೆ ಓರೆಯಾಗಿ ನಿಂತಿದ್ದರು. ನನ್ನ ಮೇಲೆ ಎಂದೂ ದನಿ ಎತ್ತದ ಹೆಂಗಸು, ನನ್ನನ್ನು ಕಳೆದುಕೊಂಡೇ ಬಿಟ್ಟೆ ಎಂಬಂತೆ ನೋಡುತ್ತಿದ್ದರು.

"ಅಜ್ಜಾರೆ, ಒಳಗೆ ಯಾರೂ ಇಲ್ರಿ," ಎಂದೆ. "ಅದು ಡ್ರಿಲ್ಲು. ಇಸ್ಕೂಲಾಗೆ ಕಲಿಸಿದ್ದು. ಮೈ ಇಳಿಸಾಕೆ ಮಾಡ್ತಿದ್ದೆ."

"ಮಾಡಿ ತೋರ್ಸು."

ಗುಡಿಯ ಅಂಗಳದಲ್ಲಿ ಎದ್ದು ನಿಂತು ಮಾಡಿದೆ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಯಾವುದಕ್ಕೂ ಇರಲಿ ಎಂದು ಕೈಮುಗಿದಳು. ಹಿರಿಯರು ಕೊನೆಯವರೆಗೂ ಗಮನವಿಟ್ಟು ನೋಡಿ, ತಾವೂ ಒಂದು ತೋಳು ಮೇಲೆತ್ತಿದರು. ಭುಜ ಲಟಕ್ಕೆಂದಿತು. ತೋಳನ್ನು ಮೆಲ್ಲಗೆ ಇಳಿಸಿಕೊಂಡು ಅತ್ತೆಗೆ ಹೇಳಿದರು:

"ಇದು ಗಾಳಿ ಅಲ್ಲ ಬಿಡವ್ವ. ಇದು ಇಸ್ಕೂಲು."

ಅತ್ತೆ ಅವರ ಮುಂದೆ ಬಂದು ಕೂತರು. ಸಣ್ಣ ದನಿಯಲ್ಲಿ ಕೇಳಿದರು: "ನಾನು ಹರಕಿ ಹೊತ್ತೀನ್ರಿ. ಸೊಸಿ ನೆಟ್ಟಗಾದ್ರೆ ಮಗಳ ಮದುವಿ ದಿನದ ತನಕ ಒಪ್ಪತ್ತು ಉಣ್ತೀನಿ, ತುಪ್ಪ ಬೆಲ್ಲ ಮುಟ್ಟಂಗಿಲ್ಲ, ಎರಡೂ ಹೊತ್ತು ಗುಡಿ ಸುತ್ತತೀನಿ ಅಂತ. ಈಗ ಅದಕ್ಕೇನು ಮಾಡ್ಲಿ?"

"ಸೊಸಿ ನೆಟ್ಟಗಿದಾಳೇನು?"

"ಇದಾಳ್ರಿ."

"ಮತ್ತೆ ನಡೆಸ್ಕೊಡು."

ವಾಪಸು ಬರುವಾಗ ಮಗು ನನ್ನ ತೊಡೆಯ ಮೇಲಿತ್ತು. ದಾರಿಯಲ್ಲಿ ಅತ್ತೆ ಕೇಳಿದರು.

"ಒನ್ ಅಂದ್ರೆ ಏನು?"

"ಒಂದು, ಅತ್ತಿ."

"ಟೂ?"

"ಎರಡು."

"ಇಷ್ಟಕ್ಕೆ ನನ್ನ ಜೀವ ತಿಂದ್ಯಲ್ಲೇ. ಕನ್ನಡದಾಗೆ ಎಣಿಸಿದ್ರೆ ಮೈ ಇಳಿಯಂಗಿಲ್ಲೇನು?"

ಅಂದಿನಿಂದ ಅತ್ತೆ ಒಪ್ಪತ್ತು ಹಿಡಿದರು. ಮುಂಜಾನೆ ಕಸ ಗುಡಿಸುವ ಹೊತ್ತಿಗೆ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಓಣಿಯ ಕೊನೆಯ ಗುಡಿ ಸುತ್ತಿ ಬರುವರು. ಅವರು ಬಿಟ್ಟ ತುಪ್ಪ ವ್ಯರ್ಥವಾಗಬಾರದಲ್ಲ, ನನ್ನ ತಾಟಿಗೆ ಬಂತು. ಡ್ರಿಲ್ ಮಾಡಲು ಅಪ್ಪಣೆಯೂ ಸಿಕ್ಕಿತು, ಆದರೆ ಅವರ ಕಣ್ಣೆದುರಿಗೆ, ಉಂಡೆ ತಿಂದ ಮೇಲೆ. ಕಾಲೆತ್ತುವ ಪಾಠಕ್ಕೆ ಬರುವ ಹೊತ್ತಿಗೆ ನಾನು ಮಲಗಿಬಿಡುತ್ತಿದ್ದೆ, ಅವರು ಹೊದಿಕೆ ಹೊದಿಸುತ್ತಿದ್ದರು. ಅವರ ಕಣ್ಣು ತಪ್ಪಿಸಿ ಆಗೊಮ್ಮೆ ಈಗೊಮ್ಮೆ ಉಳಿದ ಉಂಡೆ ಬಾವಿಕಟ್ಟೆಗೆ ಹೋಗುತ್ತಲೇ ಇತ್ತು.

ಮದುವೆಯ ದಿನ ದಿಬ್ಬಣ ಬರುವ ಮುಂಚೆ ಒಳಕೋಣೆಯಲ್ಲಿ ಡಾಬು ಹೊರಬಂತು. ನಾನು ಉಸಿರೆಲ್ಲ ಒಳಗೆಳೆದು ಗೋಡೆ ಹಿಡಿದು ನಿಂತೆ. ಗಿಣಿಗಳ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಿತು. ಮೊದಲಿನಷ್ಟು ಮುನಿಸಿಲ್ಲ, ರಾಜಿಯೂ ಇಲ್ಲ. ಅತ್ತೆ ನಿಟ್ಟುಸಿರು ಬಿಟ್ಟು ನೆಗೆಣ್ಣಿಯನ್ನು ಕರೆದರು. ಅವಳು ನಾಚುತ್ತ ಬಂದು ನಿಂತಳು. ಅವಳ ಹೊಟ್ಟೆಯ ಮೇಲೆ ಎರಡಲ್ಲ, ಮೂರು ಬೆರಳಿನ ಅಂತರ. ಅವಳು ಮೆಲ್ಲಗೆ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಕಿಟಕಿಯಾಚೆಯ ಚಪ್ಪರದ ಬಾಳೆಗೊನೆ ನೋಡತೊಡಗಿದೆ.

"ಇಬ್ಬರಿಗೂ ಆಗಂಗಿಲ್ಲ ಅಂದ್ರೆ ಕೊಕ್ಕೆನೇ ಕೆಟ್ಟೈತೆ. ತಾ ಇಲ್ಲಿ" ಎಂದು ಅತ್ತೆ ಸಿಟ್ಟಿನಿಂದ ಡಾಬನ್ನು ಕಸಿದು, ಕೊಕ್ಕೆ ನೋಡಲೆಂದು ತಮ್ಮ ಸೊಂಟಕ್ಕೇ ಸುತ್ತಿಕೊಂಡು ಎಳೆದರು.

ಟಕ್ ಎಂದು ಗಿಣಿಗಳು ಕೂಡಿಕೊಂಡವು.

ಮೂವರೂ ಅದನ್ನೇ ನೋಡಿದೆವು. ಮೊದಲ ಮಗ ಹುಟ್ಟಿದ ಮೇಲೆ ಅದು ತಮಗೂ ಕೂಡಲಿಲ್ಲವೆಂದು, ಅವರತ್ತೆ ತೆಗೆದು ಟ್ರಂಕಿಗೆ ಹಾಕಿದ್ದೆಂದು ಅತ್ತೆ ಆಗ ಹೇಳಿದರು. ಆ ಮೊದಲ ಮಗನೇ ನಮ್ಮ ಯಜಮಾನರು. ಅತ್ತೆಯ ಹೆಬ್ಬೆರಳು ಒಂದು ಗಿಣಿಯ ಬೆನ್ನನ್ನು ಸವರುತ್ತಿತ್ತು. ಆಮೇಲೆ ಎಚ್ಚರಗೊಂಡವರಂತೆ, "ಈ ವಯಸ್ಸಿನಾಗೆ ನಂಗೆ ಯಾಕೆ ಬೇಕು. ತೆಗಿ, ತೆಗಿ, ದಿಬ್ಬಣ ಬಂತು" ಎಂದರು.

ನಾನು ಬಗ್ಗಿ ಕೊಕ್ಕೆಗೆ ಕೈ ಹಾಕಿದೆ. ಮುಟ್ಟಿದರೆ ಬಿಚ್ಚಿಕೊಳ್ಳುವಷ್ಟು ಸಲೀಸಾಗಿತ್ತು.

"ಅತ್ತಿ, ಸಿಕ್ಕೊಂಡೈತ್ರಿ. ಬರಂಗಿಲ್ಲ."

"ನೀನು ನೋಡೇ" ಎಂದರು ನೆಗೆಣ್ಣಿಗೆ. ಅವಳು ಬಂದು ಕೂತು, ಕೊಕ್ಕೆ ನೋಡಿ, ನನ್ನ ಮುಖ ನೋಡಿ, ಹಲ್ಲು ಕಚ್ಚಿ ಭಾರಿ ಜೋರು ಹಾಕಿದಂತೆ ಮಾಡಿದಳು. "ಇಲ್ರಿ ಅತ್ತಿ, ಜಗ್ಗಿದ್ರೆ ಮುರಿತೈತೆ." ಉಂಡೆಯ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತೆಂದು ನಾನು ತಿಳಿದುಕೊಂಡೆ.

ಅಂದು ಬಾಗಿಲಲ್ಲಿ ಆರತಿ ಹಿಡಿದು ನಿಂತವರು ಅತ್ತೆ. ಮಾವನವರು ಏನನ್ನೋ ಕೇಳಲು ಒಳಗೆ ಬಂದು, ಅವರನ್ನು ನೋಡಿ, ಕೇಳುವುದನ್ನು ಮರೆತು ಹಾಗೇ ಹೊರಗೆ ಹೋದರು. ಊಟದ ಹೊತ್ತಿಗೆ ಹರಕೆ ಮುಗಿದಿತ್ತು. ಹೋಳಿಗೆ ಬಡಿಸಲು ಹೋದರೆ ಅತ್ತೆ ಎಲೆಗೆ ಕೈ ಅಡ್ಡ ಹಿಡಿದು, "ಒಂದು ಸಾಕು" ಎಂದರು. ಉಸಿರು ಬಿಗಿ ಹಿಡಿದಿದ್ದರು. ಅವರ ಪಾಲಿನದನ್ನು ನಾನೂ ನೆಗೆಣ್ಣಿಯೂ ಹಂಚಿಕೊಂಡೆವು.

ಮದುವೆಯ ಗದ್ದಲ ಮುಗಿದು, ನೆಂಟರೆಲ್ಲ ಊರಿಗೆ ಹೋದ ಮೇಲೆ ಒಂದು ಮಧ್ಯಾಹ್ನ ನಡುಮನೆಯಲ್ಲಿ ಮಗುವಿಗೆ ಹಾಲು ಕುಡಿಸುತ್ತ ಅಡ್ಡಾಗಿದ್ದೆ. ಮೇಲಿನಿಂದ ಮಣ್ಣು ಉದುರಿ ಕೆನ್ನೆಯ ಮೇಲೆ ಬಿತ್ತು. ಮಗುವಿನ ಮುಖಕ್ಕೆ ಸೆರಗು ಮುಚ್ಚಿ ಕಿವಿಗೊಟ್ಟೆ. ಅಟ್ಟದ ಮೇಲೆ ಯಾರೋ ಏದುಸಿರು ಬಿಡುತ್ತ, ಅಚ್ಚ ಕನ್ನಡದಲ್ಲಿ, ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಿದ್ದರು.